ಹುಡುಗನ ವೇಷದಲ್ಲಿ ಗೆಳತಿಯ ತಾಯಿ!

ಫೋನಿನಲ್ಲಿ ಮಕ್ಕಳು ಮಕ್ಕಳನ್ನು ಗೋಳು ಹುಯ್ದುಕೊಂಡ ಸುದ್ದಿ ಬಂದರೆ ಸಾಕು, ‘ಅಪ್ಪ ಅಮ್ಮ ಏನ್ ಕತ್ತೆ ಕಾಯ್ತಿದ್ರಾ?’ ಎಂದುಬಿಡುತ್ತೇವೆ. ಅಮೆರಿಕದ ಮಿಸ್ಸೌರಿ ರಾಜ್ಯದ ಈ ಪ್ರಕರಣ ನೋಡಿ ಸ್ವಾಮಿ.

ಮೇಗನ್ ಮೈಯರ್, 13ರ ಹುಡುಗಿ. ಆಕೆಯ ‘ಮೈಸ್ಪೇಸ್’ ಖಾತೆಯ ಪಾಸ್‌ವರ್ಡ್ ತಾಯಿಯ ಕೈಯಲ್ಲೇ ಇತ್ತು. ಅಷ್ಟು ಕಾವಲು! ಆದರೂ 2006ರಲ್ಲಿ ಜೋಶ್ ಎಂಬ 16ರ ಹುಡುಗ ಸ್ನೇಹ ಬೆಳೆಸಿದ. ಕೆಲವು ವಾರ ಸವಿಮಾತು. ಅಕ್ಟೋಬರ್‌ನಲ್ಲಿ ಇದ್ದಕ್ಕಿದ್ದಂತೆ ಬೈಗುಳ, ಅವಮಾನ. ಹುಡುಗಿ ಆತ್ಮಹತ್ಯೆ ಮಾಡಿಕೊಂಡಳು.

ಜೋಶ್ ಎಂಬುವನು ಇರಲೇ ಇಲ್ಲ! ಮೊಕದ್ದಮೆಯ ಪ್ರಕಾರ ಆ ಸುಳ್ಳು ಖಾತೆಯ ಹಿಂದಿದ್ದವರು ಅದೇ ಬೀದಿಯ ಲೋರಿ ಡ್ರೂ, ಆಕೆಯ ಮಗಳು, ಆಕೆಯ ಬಳಿ ಕೆಲಸಕ್ಕಿದ್ದ 18ರ ಯುವತಿ. ಆ ಮಗಳು ಮೇಗನ್‌ಳ ಹಳೇ ಗೆಳತಿ. ಟೈಪು ಮಾಡಿದ ಬೆರಳು ಯಾರದ್ದಾದರೇನು? ‘ಬೇಡ’ ಅನ್ನಬೇಕಾದ ದೊಡ್ಡವಳು ಮನೆಯಲ್ಲೇ ಇದ್ದಳಲ್ಲ!

ಮಿಸ್ಸೌರಿಯಲ್ಲಿ ಆಗ ಇದಕ್ಕೆ ಹೊಂದುವ ಕಾನೂನೇ ಇರಲಿಲ್ಲ. ಕೊನೆಗೆ ಲಾಸ್ ಏಂಜಲೀಸ್‌ನ ಕೋರ್ಟಿನಲ್ಲಿ ಕೇಸು ನಿಂತದ್ದು ವೆಬ್‌ಸೈಟ್ ಕಂಪನಿಯ ನಿಯಮ ಮುರಿದರೆಂಬ ಆಧಾರದ ಮೇಲೆ. 2008ರ ನವೆಂಬರ್‌ನಲ್ಲಿ ಜ್ಯೂರಿ ಸಣ್ಣ ಅಪರಾಧ ಎಂದಿತು. 2009ರಲ್ಲಿ ಜಡ್ಜಿ ಅದನ್ನೂ ರದ್ದು ಮಾಡಿದರು. ಕಂಪನಿ ನಿಯಮ ಮುರಿದವರೆಲ್ಲ ಕ್ರಿಮಿನಲ್‌ಗಳಾದರೆ ಉಳಿಯುವವರು ಯಾರು ಎಂಬುದು ಅವರ ತರ್ಕ. ಮಿಸ್ಸೌರಿ 2008ರಲ್ಲೇ ಕಾನೂನು ತಿದ್ದಿತು; ಮೇಗನ್‌ಳ ಪಾಲಿಗೆ ತಡವಾಗಿತ್ತು.

ನಮ್ಮಲ್ಲಿ ಭಾರತೀಯ ನ್ಯಾಯ ಸಂಹಿತೆಯ 107ನೇ ಕಲಂ ಇದೆ. 18 ತುಂಬದವರ ಆತ್ಮಹತ್ಯೆಗೆ ಪ್ರಚೋದನೆ ಕೊಟ್ಟವರಿಗೆ ಗಲ್ಲು, ಜೀವಾವಧಿ ಅಥವಾ 10 ವರ್ಷದವರೆಗೆ ಸಜೆ. ಆದರೆ ಪ್ರಚೋದನೆ ರುಜುವಾತಾಗಬೇಕು, ಅದೇನು ಸುಲಭವೇ? ಅಲ್ಲಿಯವರೆಗೆ ಕಾಯಬೇಕಾಗಿಯೂ ಇಲ್ಲ. ಮಕ್ಕಳ ಸಹಾಯವಾಣಿ 1098ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು.