ಹಳೆಯ ಗಾಣಕ್ಕೆ ವಿದ್ಯುತ್ ಮೋಟಾರು

ಕಾರ್ತಿಕ ಮಾಸದ ಕಡೆಯ ಸೋಮವಾರ ಬೆಂಗಳೂರಿನ ಬಸವನಗುಡಿಯಲ್ಲಿ, ದೊಡ್ಡ ಬಸವಣ್ಣನ ಸನ್ನಿಧಿಯಲ್ಲಿ ನೆರೆಯುವ ಕಡಲೆಕಾಯಿ ಪರಿಷೆಯು ರೈತರೆಲ್ಲರಿಗೂ ವಿದಿತವೇ ಆಗಿದೆ. ಬಸವನಗುಡಿ, ಮಲ್ಲೇಶ್ವರಗಳಂಥ ಹಳೆಯ ಬಡಾವಣೆಗಳಲ್ಲಿ ಈಚೆಗೆ ಮರದ ಗಾಣದ ಎಣ್ಣೆಗೆ ಮತ್ತೆ ಗಿರಾಕಿ ಹುಟ್ಟಿದೆ. ಅಂಗಡಿಗಳಲ್ಲಿ ಗಾಣವು ಎತ್ತಿಲ್ಲದೆ ಮೋಟಾರಿನಿಂದ ತಿರುಗುತ್ತದೆ. ಊರಿನಲ್ಲಿ ಮೂಲೆ ಸೇರಿರುವ ಗಾಣಕ್ಕೂ ಹೀಗೆಯೇ ಮೋಟಾರನ್ನು ಕೂಡಿಸಬಹುದೆ ಎಂದು ಗ್ರಾಮದ ಮುಖ್ಯಸ್ಥರೂ ಜಮೀನುದಾರರೂ ವಿಚಾರಿಸುವುದುಂಟು. ಕೂಡಿಸಬಹುದು, ಆದರೆ ಗಾಣದ ನಡಿಗೆಗೆ ಮೋಟಾರನ್ನು ಒಗ್ಗಿಸಬೇಕೇ ಹೊರತು ಮೋಟಾರಿನ ಓಟಕ್ಕೆ ಗಾಣವನ್ನು ಒಗ್ಗಿಸಲಾಗದು.

ಎತ್ತಿನ ಕೆಲಸವನ್ನು ವಿದ್ಯುಚ್ಛಕ್ತಿಗೆ ಒಪ್ಪಿಸುವುದು ಹೊಸ ಸಂಗತಿಯೇನಲ್ಲ. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೂ 1905ರಲ್ಲಿ ಬೆಂಗಳೂರು ನಗರಕ್ಕೂ ಬಂದಿತು. ಮುಂದೆ ಹಳ್ಳಿಗಳಿಗೆ ತಂತಿ ಹರಿದಂತೆಲ್ಲ ಬಾವಿಗಳಲ್ಲಿ ಕಪಿಲೆ ನಿಂತು ಪಂಪು ನೆಲೆಗೊಂಡಿತು. ಅಲ್ಲಿ ಹಳೆಯದನ್ನು ತೆಗೆದು ಹೊಸದನ್ನು ಹೂಡಿದರು. ಗಾಣದಲ್ಲಿಯಾದರೋ ಹಳೆಯ ಒರಳನ್ನೇ ಉಳಿಸಿಕೊಂಡು ಚಾಲನೆಯನ್ನು ಮಾತ್ರ ಬದಲಿಸಬೇಕಾಗಿದೆ. ಎಚ್ಚರಿಕೆ ಬೇಕಾದುದು ಇದರಿಂದಲೇ.

ಒರಳಿನ ಪರೀಕ್ಷೆ: ಎತ್ತಿನ ಗಾಣದಲ್ಲಿ ಒರಳು ನೆಲದಲ್ಲಿ ಹೂತು ನಿಂತಿರುತ್ತದೆ, ಒನಕೆ ಸುತ್ತುತ್ತದೆ. ಮೋಟಾರಿನ ಗಾಣದಲ್ಲಿ ಸಾಮಾನ್ಯವಾಗಿ ಒರಳೇ ತಿರುಗುತ್ತದೆ, ಒನಕೆಯನ್ನು ಭಾರವಿಟ್ಟು ಹಿಡಿದಿರಲಾಗುತ್ತದೆ. ಆದುದರಿಂದ ಒರಳನ್ನು ಕಿತ್ತು ಕಬ್ಬಿಣದ ಚೌಕಟ್ಟಿನ ಮೇಲೆ ಕೂರಿಸಬೇಕಾಗುವುದು. ಬಿರುಕು ಬಿಟ್ಟ, ಹುಳು ತಿಂದ ಒರಳು ಈ ಕಾರ್ಯಕ್ಕೆ ಯೋಗ್ಯವಲ್ಲ. ಅದಕ್ಕೆ ಹಣ ಸುರಿಯುವುದು ನಷ್ಟವೇ ಸರಿ.

ವೇಗ: ಎತ್ತು ನಿಮಿಷಕ್ಕೆ ಎರಡು ಮೂರು ಸುತ್ತು ಬರುತ್ತದೆ. ಮೋಟಾರು ಸುಮಾರು 1,440 ಸುತ್ತು ತಿರುಗುತ್ತದೆ. ಮೋಟಾರಿನ ಗಾಣಕ್ಕೆ 10ರಿಂದ 15 ಸುತ್ತು ಸಾಕು. ಅದನ್ನು ಮೀರಿದರೆ ಮರವೂ ಎಣ್ಣೆಯೂ ಬಿಸಿಯೇರಿ, ತಣ್ಣನೆಯ ಎಣ್ಣೆಯೆಂದು ಗಿರಾಕಿ ಕೊಡುವ ಬೆಲೆಗೇ ಕುಂದು ಬರುವುದು. 12 ಸುತ್ತು ಬೇಕೆಂದಿಟ್ಟುಕೊಂಡರೆ ವೇಗವನ್ನು 120ರಲ್ಲಿ ಒಂದು ಪಾಲಿಗೆ ಇಳಿಸಬೇಕು. ಬೆಲ್ಟಿನ ರಾಟೆಗಳಿಂದ ನಾಲ್ಕರಲ್ಲಿ ಒಂದು, ಅನಂತರ ಹಲ್ಲುಚಕ್ರಗಳ ಪೆಟ್ಟಿಗೆಯಿಂದ ಮೂವತ್ತರಲ್ಲಿ ಒಂದು ಇಳಿಸಿದರೆ ಲೆಕ್ಕ ಸರಿಹೋಗುವುದು.

ಬಲ: ವೇಗ ಇಳಿದಷ್ಟೂ ತಿರುಗಿಸುವ ಬಲ ಏರುತ್ತದೆ. ಗಾಣ ಸಿಕ್ಕಿಕೊಂಡರೆ ಎತ್ತು ತಾನೇ ನಿಲ್ಲುತ್ತದೆ. ಮೋಟಾರು ನಿಲ್ಲದೆ ಒನಕೆಯನ್ನಾಗಲಿ ಹಲ್ಲುಚಕ್ರವನ್ನಾಗಲಿ ಮುರಿಯುತ್ತದೆ. ಮೊದಲ ಹಂತದಲ್ಲಿ ಬೆಲ್ಟನ್ನೇ ಇಟ್ಟರೆ ಅದು ಜಾರಿ ಅಪಾಯವನ್ನು ತಗ್ಗಿಸುತ್ತದೆ. ಸುಮಾರು 15 ಕಿಲೋ ಬೀಜ ಹಿಡಿಯುವ ಗಾಣಕ್ಕೆ ಸಾಮಾನ್ಯವಾಗಿ 2ರಿಂದ 3 ಅಶ್ವಶಕ್ತಿ ಸಾಕು. 3 ಅಶ್ವಶಕ್ತಿಯ ಮೋಟಾರು ಪೂರ್ಣ ಭಾರದಲ್ಲಿ ಗಂಟೆಗೆ ಸುಮಾರು ಎರಡೂ ಮುಕ್ಕಾಲು ಯೂನಿಟ್ ವಿದ್ಯುತ್ತನ್ನು ಬಳಸುವುದು. ದೊಡ್ಡ ಮೋಟಾರಿನಿಂದ ಎಣ್ಣೆ ಹೆಚ್ಚಾಗದು, ಮುರಿಯುವ ಭಯ ಮಾತ್ರ ಹೆಚ್ಚುವುದು.

ವಿದ್ಯುತ್ತಿನ ವ್ಯವಸ್ಥೆ: ಮೂರು ಫೇಸ್ ವಿದ್ಯುತ್ತು ಕೆಲವೇ ಗಂಟೆ ದೊರೆಯುವ ಊರಿನಲ್ಲಿ, ಮೋಟಾರು ಕೊಳ್ಳುವುದಕ್ಕೆ ಮೊದಲೇ ಆ ವೇಳೆಯನ್ನು ವಿಚಾರಿಸಿಕೊಳ್ಳತಕ್ಕುದು. ಒಂದು ಫೇಸ್ ತಪ್ಪಿದರೆ ಮೋಟಾರು ಸುಡುವ ಸಂಭವವಿರುವುದರಿಂದ ತಾನಾಗಿ ಕಡಿದುಕೊಳ್ಳುವ ರಕ್ಷಕ ಸ್ವಿಚ್ಚು ಅವಶ್ಯ. ಬೆಲ್ಟು ತೊಡಿಸುವ ಮುನ್ನ ಮೋಟಾರನ್ನು ಬರಿದೆ ತಿರುಗಿಸಿ ನೋಡಬೇಕು. ವಿರುದ್ಧವಾಗಿ ತಿರುಗಿದರೆ ವಿದ್ಯುತ್ತನ್ನು ಕಡಿದು, ಮೂರರಲ್ಲಿ ಎರಡು ತಂತಿಗಳನ್ನು ಅದಲುಬದಲು ಮಾಡಿದರೆ ಸರಿಯಾಗುವುದು. ಇದನ್ನು ಬಲ್ಲ ಎಲೆಕ್ಟ್ರಿಷಿಯನ್ನರಿಂದಲೇ ಮಾಡಿಸತಕ್ಕುದು. ಮೋಟಾರಿಗೂ ಚೌಕಟ್ಟಿಗೂ ಅರ್ಥಿಂಗ್ ತಪ್ಪಬಾರದು.

ಎತ್ತಿನ ಗಾಣದ ಸುತ್ತ ಮಕ್ಕಳು ಕುಳಿತು ಹಿಂಡಿ ಬೇಡುತ್ತಿದ್ದುದು ವಾಡಿಕೆ. ಮೋಟಾರಿನ ಗಾಣದ ಬಳಿ ಅದು ಸಲ್ಲದು. ಸೀರೆಯ ಸೆರಗು, ಪಂಚೆಯ ಅಂಚು ಸಿಲುಕದಂತೆ ಬೆಲ್ಟಿಗೂ ಚಕ್ರಗಳಿಗೂ ಜಾಲರಿಯ ಮುಚ್ಚಳ ಹಾಕಿಸಬೇಕು. ಸ್ವಿಚ್ಚು ಗಾಣ ನಡೆಸುವವನ ಕೈಗೆ ಎಟುಕುವಂತಿರಬೇಕು. ಬೆಲೆಯ ಚೌಕಾಶಿಯಲ್ಲಿ ಮೊದಲು ಬಿಟ್ಟುಹೋಗುವುದು ಈ ಮುಚ್ಚಳವೇ. ಗ್ರಾಮದ ಹಿರಿಯರು ಅದಿಲ್ಲದ ಗಾಣವನ್ನು ತಮ್ಮ ಊರಿನಲ್ಲಿ ನಡೆಯಗೊಡಬಾರದು.