ಮಣೂಕದ ಬಾಕ್ಸು, ಬಿಲ್ಟಿಯ ಚೀಟಿ

ಶಿರಾ ಇಳಿಸುವ ಮುಂಚೆ ತುಪ್ಪದಲ್ಲಿ ಹುರಿದು ಹಾಕುತ್ತೇವಲ್ಲ, ಆ ಒಂದು ಹಿಡಿ ಒಣದ್ರಾಕ್ಷಿ ಎಲ್ಲಿಂದ ಬಂತೆಂದು ಎಂದಾದರೂ ಯೋಚಿಸಿದ್ದೀರಾ, ಸೋದರಿಯರೇ? “ಕಿರಾಣಿ ಅಂಗಡಿಯಿಂದ” ಎನ್ನುತ್ತೀರಿ. ಅಂಗಡಿಗೆ ಹ್ಯಾಂಗ ಬಂತು?

ವಿಜಯಪುರದ ಪಡುವಲಿಗೆ ತಿಕೋಟಾ, ಆಚೆ ಬಬಲೇಶ್ವರ, ಮಮದಾಪುರದ ಕಡೆಗೆ ಬೇಸಿಗೆಯಲ್ಲಿ ಒಮ್ಮೆ ಹೋಗಿ ನೋಡಬೇಕು. ಹೊಲದಲ್ಲಿ ನೆರಳಿನ ಚಪ್ಪರ, ಅದರೊಳಗೆ ಅಂತಸ್ತು ಅಂತಸ್ತಾಗಿ ಬಲೆ, ಬಲೆಯ ಮೇಲೆ ದ್ರಾಕ್ಷಿ. ಗೊಂಚಲನ್ನು ಮೊದಲು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಎಣ್ಣೆ ಬೆರೆಸಿದ ನೀರಿನಲ್ಲಿ ಅದ್ದುತ್ತಾರೆ. ಸಿಪ್ಪೆಯ ಮೇಲಿನ ಮೇಣ ಸಡಿಲಾಗಿ ಎರಡು ವಾರದ ಸುಮಾರಿಗೆ ಒಣಗುತ್ತದೆ. ಆ ಎರಡು ವಾರ ಮನೆಯವರ ಕಣ್ಣೆಲ್ಲ ಮುಗಿಲ ಮೇಲೆಯೇ. ಒಂದು ಅಡ್ಡಮಳೆ ಬಂದರೆ ವರ್ಷದ ದುಡಿಮೆ ಕಪ್ಪಾಗುತ್ತದೆ.

ನಾಲ್ಕು ಕಿಲೋ ಹಣ್ಣು ಒಣಗಿದರೆ ಸಿಗುವುದು ಹತ್ತಿರ ಹತ್ತಿರ ಒಂದು ಕಿಲೋ ಮಣೂಕ. “ಮೂರು ಪಾಲು ಹೋಯಿತಲ್ಲ!” ಎನ್ನಬೇಡಿ. ಹಸಿ ದ್ರಾಕ್ಷಿ ಲಾರಿಯಲ್ಲಿ ಕುಲುಕಿದರೆ ಒಡೆಯುತ್ತದೆ, ಒಂದು ದಿನ ತಡವಾದರೂ ಬಾಡುತ್ತದೆ. ಒಣಗಿಸಿದರೆ ನಾಲ್ಕು ಲಾರಿಯ ಸರಕು ಒಂದೇ ಲಾರಿಯಲ್ಲಿ ಹೋಗುತ್ತದೆ, ಶೀತಲಗೃಹದಲ್ಲಿ ತಿಂಗಳುಗಟ್ಟಲೆ ಕಾಯುತ್ತದೆ. ಹೆಣ್ಣುಮಕ್ಕಳು ಕೂತು ಬಣ್ಣ, ಗಾತ್ರ ನೋಡಿ ಆರಿಸಿ ಹದಿನೈದು ಕಿಲೋದ ಬಾಕ್ಸು ತುಂಬುತ್ತಾರೆ. ಕೆಲವು ವಿಜಯಪುರದ ಮಾರುಕಟ್ಟೆಗೆ, ಬಹಳಷ್ಟು ಅಥಣಿ ದಾರಿ ಹಿಡಿದು ಮಹಾರಾಷ್ಟ್ರದ ತಾಸಗಾಂವ, ಸಾಂಗ್ಲಿಯ ಹರಾಜಿಗೆ. ಲಾರಿ ಬಾಡಿಗೆ, ಹಮಾಲಿ, ಶೀತಲಗೃಹದ ಬಾಡಿಗೆ, ದಲ್ಲಾಲಿ, ಎಲ್ಲವೂ ಬಾಕ್ಸಿನ ಬೆಲೆಯೊಳಗಿಂದಲೇ ಹೋಗಬೇಕು.

ಆ ಕಡೆಯ ನನ್ನ ಪರಿಚಯದ ಗೃಹಿಣಿಯೊಬ್ಬರ ಬಾಕ್ಸುಗಳು ಒಂದು ವರ್ಷ ದಾರಿಯಲ್ಲಿ ಮಳೆಗೆ ನೆಂದವು; ಲಾರಿಗೆ ತಾಡಪತ್ರಿ ಸರಿಯಾಗಿ ಕಟ್ಟಿರಲಿಲ್ಲ. ಕೇಳಲು ಹೋದರೆ, “ನಿಮ್ಮ ಬಿಲ್ಟಿ ಎಲ್ಲದ?” ಎಂದರಂತೆ. ಚೀಟಿಯೇ ಇರಲಿಲ್ಲ. “ನಂಬಿಕಿ ಮ್ಯಾಲ ಕೊಟ್ಟಿದ್ವಿ ಅವ್ವಾ” ಎಂದು ಅವರು ನನ್ನ ಮುಂದೆ ಕಣ್ಣೊರೆಸಿಕೊಂಡರು.

ಆದ್ದರಿಂದ ಮನೆಯ ಲೆಕ್ಕ ಬರೆಯುವ ನೀವು ಈ ಮಾತನ್ನು ತಿಳಿದಿರಿ. ಟ್ರಾನ್ಸ್‌ಪೋರ್ಟ್ ಕಂಪನಿಯ ಮೂಲಕ ಕಳಿಸಿದರೆ 2007ರ ರಸ್ತೆ ಸಾಗಣೆ ಕಾಯ್ದೆಯ ಪ್ರಕಾರ ರಸೀದಿ ಕೊಡಬೇಕು. ಬಾಕ್ಸಿನ ಸಂಖ್ಯೆ, ತೂಕ, ಬೆಲೆ ಅದರಲ್ಲಿ ಬರೆದಿರಲಿ. ಬೆಲೆ ಬರೆಸುವುದು ಯಾಕೆ ಗೊತ್ತೇ? ಹೆಚ್ಚಿನ ಬೆಲೆ ತೋರಿಸಿ ಅದಕ್ಕೆ ತಕ್ಕ ಹೆಚ್ಚುವರಿ ದರ ಕಟ್ಟದಿದ್ದರೆ ನಷ್ಟಕ್ಕೆ ಸಿಗುವುದು ಸಾಮಾನ್ಯವಾಗಿ ಬಾಡಿಗೆಯ ಹತ್ತು ಪಟ್ಟು ಮಾತ್ರ. ಬಾಕ್ಸಿಗೆ 20 ರೂಪಾಯಿ ಬಾಡಿಗೆ ಎಂದು ಹಿಡಿದರೆ ಕೈಗೆ 200 ರೂಪಾಯಿ. ಕಿಲೋಗೆ 150 ರೂಪಾಯಿಯಂತೆ ಒಳಗಿನ ಮಾಲು 2,250 ರೂಪಾಯಿಯದು! ಇನ್ನೊಂದು: ನಷ್ಟದ ನೋಟೀಸನ್ನು ಸರಕು ಬುಕ್ ಮಾಡಿದ ದಿನದಿಂದ 180 ದಿನದೊಳಗೆ ಬರೆದು ಕೊಡಬೇಕು. ಬಾಯಿಮಾತಿನ ಜಗಳ ಲೆಕ್ಕಕ್ಕಿಲ್ಲ. ಯಜಮಾನರು “ಇರಲಿ ಬಿಡ” ಎಂದರೂ ನೀವು ಬಿಡಬೇಡಿ. ಬಿಲ್ಟಿಯನ್ನು ರೇಶನ್ ಕಾರ್ಡಿನ ಜೊತೆಗೇ ಇಡಿ.

ತೆರಿಗೆಯ ವಿಷಯದಲ್ಲಿ ಒಂದು ಸಮಾಧಾನವಿದೆ. ರೈತರೇ ಮಾರುವ ಒಣದ್ರಾಕ್ಷಿಗೆ ಜಿ.ಎಸ್.ಟಿ. ಇಲ್ಲವೆಂದು 2024ರ ಡಿಸೆಂಬರ್‌ನಲ್ಲಿ ಜೈಸಲ್ಮೇರಿನಲ್ಲಿ ಸೇರಿದ ಜಿ.ಎಸ್.ಟಿ. ಮಂಡಳಿ ಸ್ಪಷ್ಟಪಡಿಸಿದೆ.

ಇನ್ನು ಕೊಳ್ಳುವವರಿಗೆ. ಹೊಳೆಯುವ ಹಳದಿ ಬಣ್ಣಕ್ಕೆ ಹೆಚ್ಚಾಗಿ ಗಂಧಕದ ಹೊಗೆ ಕಾರಣ; ಬಣ್ಣಕ್ಕೆ ಮರುಳಾಗಬೇಡಿ. ಮೂಸಿ ನೋಡಿ, ಹುಳಿ ವಾಸನೆ ಇದ್ದರೆ ಬೇಡ. ಬಳಸುವ ಮುನ್ನ ಉಗುರುಬೆಚ್ಚನೆ ನೀರಿನಲ್ಲಿ ತೊಳೆದು ಬಟ್ಟೆಯ ಮೇಲೆ ಆರಿಸಿ. ಮಳೆಗಾಲದಲ್ಲಿ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಹಾಕಿ, ಫ್ರಿಜ್ ಇದ್ದರೆ ಅದರಲ್ಲೇ ಇಡಿ. ಇಲ್ಲದಿದ್ದರೆ ತಿಂಗಳಿಗೆ ಬೇಕಾದಷ್ಟೇ ತನ್ನಿ.