52ರಲ್ಲಿ ಅರ್ಧ ಸೆಕೆಂಡ್ ಗಾಳಿಯಲ್ಲಿ

ನೆಲದಿಂದ ಒಂದಡಿ ಎತ್ತರಕ್ಕೆ ಸೈಕಲ್ ಹಾರಿಸಿದರೆ ಗಾಳಿಯಲ್ಲಿ ಇರೋದು ಎಷ್ಟು ಹೊತ್ತು ಗೊತ್ತಾ? ಸುಮಾರು ಅರ್ಧ ಸೆಕೆಂಡ್. ಕಾಲು ಸೆಕೆಂಡ್ ಮೇಲಕ್ಕೆ, ಕಾಲು ಸೆಕೆಂಡ್ ಕೆಳಕ್ಕೆ. ನೀವು ಒಂದು ರೀಲ್‌ನಿಂದ ಇನ್ನೊಂದಕ್ಕೆ ಬೆರಳು ಜಾರಿಸುವಷ್ಟರಲ್ಲಿ ಮುಗಿದುಹೋಗುತ್ತೆ. ಆ ಅರ್ಧ ಸೆಕೆಂಡ್ ಕಲಿಯೋಕೆ ನನಗೆ ಏಳು ತಿಂಗಳು ಬೇಕಾಯಿತು.

ನನಗೀಗ 52. ಬ್ಯಾಂಕ್ ಉದ್ಯೋಗ. ಸ್ವಭಾವತಃ ಪುಕ್ಕಲು. ಮೆಟ್ರೊ ಎಸ್ಕಲೇಟರ್‌ನಲ್ಲಿ ಒಂದು ಮೆಟ್ಟಿಲು ಹೋಗಲಿ ಅಂತ ಬಿಟ್ಟು, ಮುಂದಿನದಕ್ಕೆ ಕಾಲಿಡುವ ಜಾತಿ ನಾನು. ಮಗಳು ಓದಲು ಬೇರೆ ಊರಿಗೆ ಹೋದ ಮೇಲೆ ಭಾನುವಾರದ ಬೆಳಗುಗಳು ಖಾಲಿಯಾದವು. ಆಗ ಕೊಂಡದ್ದು ಒಂದು ಮೌಂಟನ್ ಬೈಕ್. ದಪ್ಪ ಟೈರು, ಮುಂದೆ ಸಸ್ಪೆನ್ಷನ್, ಬೀಳುವ ಭಯ ಕಡಿಮೆ ಅನ್ನೋ ಒಂದೇ ಕಾರಣಕ್ಕೆ ಅದನ್ನು ಆರಿಸಿಕೊಂಡಿದ್ದೆ. ಕನಕಪುರ ರಸ್ತೆ ಕಡೆಯ ತುರಹಳ್ಳಿ ಕಾಡು ನಮ್ಮ ಮನೆಗೆ ಹತ್ತಿರ. ಬಂಡೆ, ಕುರುಚಲು ಗಿಡ, ಕೆಂಪು ಮಣ್ಣಿನ ದಾರಿ. ಎರಡು ವರ್ಷ ಅಲ್ಲಿ ಸುತ್ತಾಡಿಕೊಂಡು ಸುಖವಾಗಿದ್ದೆ.

ಜೊತೆಗೆ ಬರುತ್ತಿದ್ದವರೆಲ್ಲ ನಿಮ್ಮ ವಯಸ್ಸಿನವರು. ಐಟಿ ಹುಡುಗ ಹುಡುಗಿಯರು. ಸಣ್ಣ ಬಂಡೆಯ ಅಂಚು ಬಂದರೆ ಅವರು ಹಾಗೇ ಹಾರಿ ಇಳಿಯುತ್ತಿದ್ದರು. ನಾನು ಇಳಿದು ಸೈಕಲ್ ತಳ್ಳಿಕೊಂಡು ಹೋಗುತ್ತಿದ್ದೆ. ಅದರಲ್ಲಿ ನಾಚಿಕೆ ಏನೂ ಇರಲಿಲ್ಲ. ತೊಂದರೆ ಬೇರೆ ಕಡೆ ಇತ್ತು. ಇಳಿಜಾರಿನಲ್ಲಿ ವೇಗ ಸ್ವಲ್ಪ ಹೆಚ್ಚಾದರೆ, ಬೇರು ಅಥವಾ ಉಬ್ಬು ಸಿಕ್ಕಿದರೆ, ಚಕ್ರ ತಾನಾಗಿಯೇ ನೆಲ ಬಿಡುತ್ತದೆ. ಯಾರನ್ನೂ ಕೇಳಲ್ಲ. ಆಗ ಮೈಯೆಲ್ಲ ಮರಗಟ್ಟಿ, ಕಣ್ಣು ಮುಚ್ಚಿ, ಮತ್ತೆ ನೆಲ ಸಿಕ್ಕಾಗ ಉಸಿರು ಬಿಡುತ್ತಿದ್ದೆ. ಗುಂಪಿನಲ್ಲಿ ಕೋಚಿಂಗ್ ಮಾಡುವ ಒಬ್ಬ ಹುಡುಗನಿದ್ದಾನೆ, ವಯಸ್ಸು 24. ಒಂದು ದಿನ ಅವನು ಅಂದ: 'ಮೇಡಂ, ನೀವು ಈಗಾಗ್ಲೇ ಜಂಪ್ ಮಾಡ್ತಿದ್ದೀರಿ. ಬೇಡ ಬೇಡ ಅಂದ್ಕೊಂಡು ಮಾಡ್ತಿದ್ದೀರಿ ಅಷ್ಟೆ.'

ಆ ಮಾತು ತಲೆಯಲ್ಲಿ ಉಳಿಯಿತು. ಹೇಗೂ ನೆಲ ಬಿಡೋದಾದರೆ ಗೊತ್ತಿದ್ದು ಬಿಡೋದು ವಾಸಿ ಅಲ್ಲವೇ?

ಮೂಳೆಯ ಲೆಕ್ಕ

ಹೇಳಿದಷ್ಟು ಸುಲಭ ಇರಲಿಲ್ಲ. ನಮ್ಮಮ್ಮ ನಾಲ್ಕು ವರ್ಷದ ಹಿಂದೆ ಬಚ್ಚಲ ಮನೆಯಲ್ಲಿ ಜಾರಿ ಬಿದ್ದರು. ಸೊಂಟದ ಕೀಲಿನ ಹತ್ತಿರ ಮೂಳೆ ಮುರಿಯಿತು. ಶಸ್ತ್ರಚಿಕಿತ್ಸೆ ಆಯಿತು, ನಡೆಯುತ್ತಾರೆ, ಆದರೆ ವಾಕರ್ ಬಿಟ್ಟು ಅಲ್ಲ. ದಿನಾ ಸಂಜೆ ದೇವಸ್ಥಾನಕ್ಕೆ ಎರಡು ಕಿಲೊಮೀಟರ್ ನಡೆದುಹೋಗುತ್ತಿದ್ದವರು ಈಗ ಬಾಲ್ಕನಿ ತನಕ. ನಮ್ಮ ಮನೆಯಲ್ಲಿ 'ಬೀಳೋದು' ಅನ್ನೋ ಪದಕ್ಕೆ ಆವತ್ತಿನಿಂದ ಬೇರೆಯದೇ ತೂಕ.

ನಿಮಗೆ ಮೂವತ್ತರ ಆಸುಪಾಸಾಗಿದ್ದರೆ ಇದನ್ನು ಒಂದು ಕಡೆ ಬರೆದಿಟ್ಟುಕೊಳ್ಳಿ. ಮೂಳೆ ಅತಿ ಗಟ್ಟಿಯಾಗಿರೋದು ಸರಿಸುಮಾರು ಆ ವಯಸ್ಸಿಗೆ. ಆಮೇಲೆ ನಿಧಾನಕ್ಕೆ ಇಳಿಮುಖ. ಹೆಂಗಸರಿಗೆ ಮುಟ್ಟು ನಿಂತ ನಂತರದ ಕೆಲವು ವರ್ಷ ಆ ಇಳಿತ ಜೋರು. ಇನ್ನೊಂದು ವಿಷಯ ಸೈಕಲ್‌ನವರಿಗೆ ಅಷ್ಟಾಗಿ ಗೊತ್ತಿರಲ್ಲ. ಸೈಕಲ್ ಹೃದಯಕ್ಕೆ ಒಳ್ಳೆಯದು, ಮೂಳೆಗೆ ಅಷ್ಟೇನೂ ಉಪಕಾರಿಯಲ್ಲ, ಏಕೆಂದರೆ ಮೈಭಾರವನ್ನು ಸೀಟು ಹೊತ್ತಿರುತ್ತದೆ. ಮೂಳೆಗೆ ಬೇಕಾಗಿರೋದು ಭಾರ ಎತ್ತುವುದು, ನಡೆಯುವುದು, ಹೆಜ್ಜೆಯ ಪೆಟ್ಟು.

ಹಾಗಾಗಿ ಮೊದಲು ಹೋಗಿದ್ದು ಡೆಕ್ಸಾ ಸ್ಕ್ಯಾನ್‌ಗೆ. ಬೆನ್ನು ಮತ್ತು ಸೊಂಟದ ಮೂಳೆಯ ಸಾಂದ್ರತೆ ಅಳೆಯುವ ಪರೀಕ್ಷೆ, ನೋವಿಲ್ಲ, ಸುಮ್ಮನೆ ಮಲಗಿದರಾಯಿತು. ಟಿ-ಸ್ಕೋರ್ ಮೈನಸ್ 1ರಿಂದ ಮೈನಸ್ 2.5ರ ಒಳಗಿದ್ದರೆ ಮೂಳೆ ಸ್ವಲ್ಪ ತೆಳುವಾಗಿದೆ ಅಂತ, ಅದಕ್ಕೂ ಕೆಳಗಿದ್ದರೆ ಆಸ್ಟಿಯೊಪೊರೊಸಿಸ್. ನನ್ನದು ಮೈನಸ್ 1.6. ಡಾಕ್ಟರ್ ಕನ್ನಡಕದ ಮೇಲಿಂದ ನೋಡಿ, 'ಜಂಪ್ ಯಾಕ್ರೀ ಬೇಕು?' ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಮಾಡಲೇಬೇಡಿ ಅಂತ ಅವರೂ ಹೇಳಲಿಲ್ಲ. ವಾರಕ್ಕೆ ಎರಡು ದಿನ ಜಿಮ್‌ನಲ್ಲಿ ಭಾರ ಎತ್ತಬೇಕು, ವಿಟಮಿನ್ ಡಿ ನೋಡಿಕೊಳ್ಳಬೇಕು, ರಕ್ಷಣಾ ಕವಚ ಇಲ್ಲದೆ ಹತ್ತಬಾರದು. ಇವು ಮೂರು ಷರತ್ತು.

ಜಿಮ್‌ನಲ್ಲಿ ಮೂರು ತಿಂಗಳು ಡೆಡ್‌ಲಿಫ್ಟ್ ಮಾಡಿದ್ದು ನನ್ನ ಸೈಕಲ್ ಜೀವನದಲ್ಲೇ ಅತ್ಯಂತ ಬೇಸರದ ಭಾಗ, ಅತ್ಯಂತ ಉಪಯೋಗದ್ದೂ ಹೌದು. ಸೊಂಟ ಬಾಗಿಸಿ ಬೆನ್ನು ನೇರ ಇಡುವ ಆ ಭಂಗಿಯೇ ಸೈಕಲ್ ಮೇಲೂ ಬೇಕಾಗಿರೋದು ಅಂತ ಆಮೇಲೆ ತಿಳಿಯಿತು.

ಹಾರುವ ಮೊದಲು ಹಾರದಿರೋದು

ಊರಾಚೆ ಒಂದು ಖಾಸಗಿ ಜಾಗದಲ್ಲಿ ಕೆಲವರು ಸೇರಿ ಮಣ್ಣಿನ ಪಂಪ್ ಟ್ರ್ಯಾಕ್ ಕಟ್ಟಿಕೊಂಡಿದ್ದಾರೆ. ಕಾಡಿನಲ್ಲಿ ಅದೆಲ್ಲ ಕಟ್ಟುವ ಹಾಗಿಲ್ಲ, ಕಟ್ಟಲೂಬಾರದು. ಪಂಪ್ ಟ್ರ್ಯಾಕ್ ಅಂದರೆ ಅಲೆಅಲೆಯಾದ ದಿಬ್ಬಗಳ ಸಾಲು. ಅಲ್ಲಿ ಪೆಡಲ್ ತುಳಿಯುವಂತಿಲ್ಲ. ದಿಬ್ಬ ಏರುವಾಗ ಮೈ ಹಗುರ ಮಾಡಿ, ಇಳಿಯುವಾಗ ಕೈಕಾಲಿಂದ ಸೈಕಲ್ಲನ್ನು ನೆಲಕ್ಕೆ ಒತ್ತಿದರೆ ವೇಗ ತಾನಾಗಿ ಬರುತ್ತೆ. ಉಯ್ಯಾಲೆ ಜೀಕಿದ ಹಾಗೆ. ಎರಡು ತಿಂಗಳು ನಾನು ಮಾಡಿದ್ದು ಇಷ್ಟೇ. ಎಂಟು ವರ್ಷದ ಹುಡುಗನೊಬ್ಬ ನನ್ನ ಹಿಂದೆ ಬಂದು 'ಆಂಟಿ, ಸೈಡ್' ಅನ್ನುತ್ತಿದ್ದ. ಕೊಡುತ್ತಿದ್ದೆ.

ಜಂಪ್ ಅಂದರೆ ಹ್ಯಾಂಡಲ್ ಹಿಡಿದು ಮೇಲಕ್ಕೆ ಎಳೆಯೋದು ಅಂತ ಹೆಚ್ಚಿನವರ ಕಲ್ಪನೆ. ಹಾಗಲ್ಲ. ಸೀಟು ಪೂರ್ತಿ ಕೆಳಗಿಳಿಸಬೇಕು. ಪೆಡಲ್‌ಗಳು ಒಂದೇ ಮಟ್ಟದಲ್ಲಿ, ಹಿಮ್ಮಡಿ ಸ್ವಲ್ಪ ತಗ್ಗಿ, ಮೊಣಕೈ ಅಗಲ, ನೋಟ ದೂರಕ್ಕೆ. ದಿಬ್ಬದ ಬುಡದಲ್ಲಿ ಮೊಣಕಾಲು ಮಡಿಸಿ ಒತ್ತಬೇಕು, ದಿಬ್ಬ ಮೇಲಕ್ಕೆ ಬಾಗಿದ ಹಾಗೆ ನಿಧಾನಕ್ಕೆ ಎದ್ದು ನಿಲ್ಲಬೇಕು. ಎತ್ತುವ ಕೆಲಸ ದಿಬ್ಬದ್ದು, ನಿಮ್ಮದಲ್ಲ. ಹೆದರಿ ಸೆಟೆದುಕೊಂಡರೆ ದಿಬ್ಬದ ತುದಿ ಹಿಂದಿನ ಚಕ್ರವನ್ನು ಒದೆಯುತ್ತೆ, ಮೂತಿ ಕೆಳಗಾಗಿ ಹೋಗ್ತೀರಿ. ಗಾಳಿಯಲ್ಲಿ ಕಟ್ಟಿಗೆಯ ಹಾಗೆ ಬಿಗಿಯಾಗಿರುವವರನ್ನು ಇಂಗ್ಲಿಷ್‌ನ ಸವಾರರು 'ಡೆಡ್ ಸೇಲರ್' ಅಂತಾರೆ, ಸತ್ತ ನಾವಿಕ. ನನಗೆ ಈ ಹೆಸರು ಕೇಳಿದ ಮೇಲೆ ಎರಡು ದಿನ ನಿದ್ದೆ ಸರಿಯಾಗಿ ಬರಲಿಲ್ಲ.

ಪುಕ್ಕಲರ ಪಾಲಿನ ನಿಜವಾದ ದೇವರು ಟೇಬಲ್‌ಟಾಪ್. ಏರುವ ಇಳಿಜಾರು, ಇಳಿಯುವ ಇಳಿಜಾರು, ನಡುವೆ ಮೇಜಿನಂತೆ ಸಮತಟ್ಟು. ಪೂರ್ತಿ ಹಾರದಿದ್ದರೂ ನಡುವಿನ ಮಣ್ಣು ನಿಮ್ಮನ್ನು ಹಿಡಿಯುತ್ತೆ. ಮೊದಲ ದಿನ ಹಾರದೆ ಸುಮ್ಮನೆ ಅದರ ಮೇಲೆ ಉರುಳಿಸಿಕೊಂಡು ಹೋದೆ, ಹತ್ತು ಸಲ. ಮುಂದಿನ ವಾರ ಸ್ವಲ್ಪ ವೇಗ. ಆಮೇಲೆ ಇನ್ನೂ ಸ್ವಲ್ಪ. ಯಾವ ಹಂತದಲ್ಲೂ 'ಈಗ ಹಾರು' ಅನ್ನುವ ಕ್ಷಣ ಬರಲ್ಲ, ನಿನ್ನೆಗಿಂತ ಒಂದು ಗೇಣು ಮುಂದೆ, ಅಷ್ಟೇ. ಎದುರಿಗೆ ಗ್ಯಾಪ್ ಜಂಪ್ ಕೂಡ ಇದೆ, ಅದರ ನಡುವೆ ಮಣ್ಣಿನ ಬದಲು ಹಳ್ಳ. ಅಲ್ಲಿ ಅರ್ಧಂಬರ್ಧ ಅನ್ನೋದಿಲ್ಲ.

ಇಳಿಯೋದರ ಗುಟ್ಟು ಜಾರುಬಂಡೆ ಆಡಿದ ಎಲ್ಲರಿಗೂ ಗೊತ್ತು. ಸಪಾಟು ನೆಲಕ್ಕೆ ಬಿದ್ದರೆ ಪೆಟ್ಟೆಲ್ಲ ಮೊಣಕಾಲಿಗೆ. ಇಳಿಜಾರಿನ ಮೇಲೆ, ಅದೇ ಓರೆಯಲ್ಲಿ ಚಕ್ರ ತಾಗಿಸಿದರೆ ಬೀಳುವ ವೇಗ ಮುಂದಕ್ಕೆ ಓಡುವ ವೇಗವಾಗುತ್ತೆ, ಮೈಗೆ ಬರೋದು ಸಣ್ಣ ಪಾಲು. ಚೆನ್ನಾಗಿ ಕಟ್ಟಿದ ಮೂರಡಿ ಟೇಬಲ್‌ಟಾಪ್‌ಗಿಂತ ನಮ್ಮ ಬಡಾವಣೆಯ ಅವೈಜ್ಞಾನಿಕ ರೋಡ್ ಹಂಪು ನನ್ನ ಬೆನ್ನಿಗೆ ಹೆಚ್ಚು ಕ್ರೂರ. ಇದು ಉತ್ಪ್ರೇಕ್ಷೆಯಲ್ಲ.

ಕೋಚ್ ಜೊತೆ ಮಾಡಿಕೊಂಡ ಒಪ್ಪಂದಗಳೂ ಇದ್ದವು. ದಿನಕ್ಕೆ ಹದಿನೈದು ಪ್ರಯತ್ನ ಮಾತ್ರ. ಕಾಲು ನಡುಗಿದರೆ ಅಲ್ಲಿಗೆ ನಿಲ್ಲಿಸೋದು. ಮತ್ತೆ 'ಇದೇ ಲಾಸ್ಟು' ಅಂತ ಯಾರೂ ಬಾಯಿಬಿಟ್ಟು ಹೇಳಬಾರದು. ಮನೆಯಿಂದ ಹೊರಡುವವರನ್ನು 'ಎಲ್ಲಿಗೆ' ಅಂತ ಕೇಳಬಾರದು ಅಂತಾರಲ್ಲ, ಆ ಥರದ್ದು. ಮೂಢನಂಬಿಕೆಯೇ ಸರಿ, ಆದರೆ ದಣಿದ ಮೇಲೆ ಮಾಡುವ ಪ್ರಯತ್ನದಲ್ಲೇ ಹೆಚ್ಚು ಜನ ಬೀಳೋದನ್ನು ನಾನಲ್ಲಿ ನೋಡಿದ್ದೇನೆ.

ಸದ್ದು ನಿಂತಾಗ

ಐದನೇ ತಿಂಗಳು, ನವೆಂಬರ್. ಹಿಂದಿನ ದಿನ ಮಳೆ ಬಂದು ನಿಂತಿತ್ತು. ನಮ್ಮ ಕೆಂಪು ಮಣ್ಣು ಅತಿ ಚೆನ್ನಾಗಿರೋದು ಮಳೆಯ ಮರುದಿನ. ಟೈರು ಅಂಟಿಕೊಂಡಂತೆ ಹೋಗುತ್ತೆ. ಬೇಸಿಗೆಯಲ್ಲಿ ಅದೇ ಮಣ್ಣು ಸಿಮೆಂಟಿನಷ್ಟು ಗಟ್ಟಿ, ಮೇಲೆ ರಾಗಿ ಹರಡಿದ ಹಾಗೆ ಸಣ್ಣ ಪುಡಿ.

ಏಳನೇ ಪ್ರಯತ್ನ. ಬುಡದಲ್ಲಿ ಒತ್ತಿದೆ, ಎದ್ದೆ. ಟೈರು ಮಣ್ಣಿನ ಮೇಲೆ ಉರುಳುವ ಕರಕರ ಸದ್ದು ಇದ್ದಕ್ಕಿದ್ದಂತೆ ನಿಂತಿತು. ಅಷ್ಟೇ ನನಗೆ ಗೊತ್ತಾಗಿದ್ದು. ಹಾರಿದ ಅನುಭವ ಅಂತ ಏನೂ ಇಲ್ಲ, ಬರೀ ನಿಶ್ಶಬ್ದ. ಮತ್ತೆ ಸದ್ದು ಶುರುವಾದಾಗ ನಾನು ಇಳಿಜಾರಿನಲ್ಲಿದ್ದೆ, ಕಣ್ಣು ತೆರೆದಿತ್ತು. ಕೋಚ್ ಫೋನ್‌ನಲ್ಲಿ ತೋರಿಸಿದ ವಿಡಿಯೊದಲ್ಲಿ ಎರಡೂ ಚಕ್ರ ನೆಲದಿಂದ ಒಂದಡಿ ಮೇಲಿದ್ದವು. ನನ್ನ ಮುಖ ಪರೀಕ್ಷೆಯಲ್ಲಿ ಕೂತವರ ಹಾಗಿತ್ತು.

ಬಿದ್ದಿದ್ದೂ ಇದೆ. ಫೆಬ್ರುವರಿಯಲ್ಲಿ, ಜಂಪ್ ಮೇಲಲ್ಲ, ಜಂಪ್ ಮುಗಿದ ಮೇಲಿನ ತಿರುವಿನಲ್ಲಿ. ಪುಡಿ ಮಣ್ಣಿನ ಮೇಲೆ ಮುಂದಿನ ಚಕ್ರ ಜಾರಿತು. ಬೀಳುವಾಗ ಎಲ್ಲರೂ ಕೈ ಚಾಚುತ್ತೇವೆ, ಮಣಿಕಟ್ಟು ಮುರಿಯುವುದು ಹಾಗೆಯೇ. ಕೈ ಮಡಿಸಿಕೊಂಡು ಭುಜ ಸುತ್ತಿ ಹೊರಳೋದನ್ನು ಹುಲ್ಲಿನ ಮೇಲೆ ಎಷ್ಟೋ ಸಲ ಅಭ್ಯಾಸ ಮಾಡಿಸಿದ್ದರು. ಹೊರಳಿದೆ. ಎಲ್ಬೋ ಪ್ಯಾಡ್ ಹರಿಯಿತು, ತೊಡೆ ಹದಿನೈದು ದಿನ ನೇರಳೆ ಬಣ್ಣಕ್ಕೆ ತಿರುಗಿತ್ತು. ಬಿದ್ದಲ್ಲೇ ಕೂತು ಸೊಂಟ ಮುಟ್ಟಿ ನೋಡಿಕೊಂಡೆ. ಎದ್ದು ನಿಲ್ಲಲು ಆಗುತ್ತಿದೆ ಅಂತ ಗೊತ್ತಾದಾಗ ಅಳು ಬಂತು. ಹುಡುಗರು ನೋವಿಗೆ ಅಂದುಕೊಂಡರು, ನಾನೂ ಹಾಗೇ ಅಂದುಕೊಳ್ಳಲಿ ಅಂತ ಬಿಟ್ಟೆ.

ಫುಲ್ ಫೇಸ್ ಹೆಲ್ಮೆಟ್, ನೀ ಪ್ಯಾಡ್, ಎಲ್ಬೋ ಪ್ಯಾಡ್, ಕೈಗವಸು, ಬೆನ್ನಿನ ಕವಚ. ಇದೆಲ್ಲ ಹಾಕಿಕೊಂಡು ಕನ್ನಡಿ ನೋಡಿದರೆ ಯಕ್ಷಗಾನದ ಬಣ್ಣದ ವೇಷ ನೆನಪಾಗುತ್ತೆ. ಸೆಖೆಯಲ್ಲಿ ಬೆವರಿ ತೊಪ್ಪೆಯಾಗ್ತೀರಿ. ಆದರೂ ಹಾಕಿ. ಸೈಕಲ್‌ಗೆ ಸುರಿಯುವ ದುಡ್ಡಿನಲ್ಲಿ ಸ್ವಲ್ಪ ಕಡಿತ ಮಾಡಿಯಾದರೂ ಹಾಕಿ.

ಈ ಆಟ ಶುರುವಾದದ್ದೇ ಹಳೇ ಸೈಕಲ್‌ಗಳಿಂದ. 1976ರಲ್ಲಿ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ ಗ್ಯಾರಿ ಫಿಶರ್, ಜೋ ಬ್ರೀಜ್ ಮುಂತಾದವರು ದಶಕಗಳಷ್ಟು ಹಳೆಯ, ದಪ್ಪ ಟೈರಿನ ಸೈಕಲ್‌ಗಳನ್ನು ಗುಡ್ಡದಿಂದ ಇಳಿಸುವ ಪಂದ್ಯ ಶುರುಮಾಡಿದರು. ಹಿಂದಿನ ಬ್ರೇಕಿನ ಗ್ರೀಸ್ ಬಿಸಿಗೆ ಸುಟ್ಟುಹೋಗಿ ಪ್ರತಿ ಸಲ ಹೊಸದಾಗಿ ತುಂಬಬೇಕಾಗುತ್ತಿತ್ತು, ಅದಕ್ಕೇ ಆ ಪಂದ್ಯಕ್ಕೆ 'ರೀಪ್ಯಾಕ್' ಅಂತ ಹೆಸರು. ಇಪ್ಪತ್ತೇ ವರ್ಷದಲ್ಲಿ, 1996ರ ಅಟ್ಲಾಂಟಾದಲ್ಲಿ, ಮೌಂಟನ್ ಬೈಕಿಂಗ್ ಒಲಿಂಪಿಕ್ಸ್ ಸೇರಿತು. ಹಳೇ ಫ್ರೇಮು ಗುಡ್ಡ ಇಳಿಯೋದು ಹೊಸತೇನಲ್ಲ ಅಂತ ನಮ್ಮೆಜಮಾನರಿಗೆ ಹೇಳಿದ್ದೆ. ಅವರು ನಗಲಿಲ್ಲ. ಬದಲಿಗೆ ಫ್ರಾನ್ಸಿನ ರಾಬರ್ಟ್ ಮಾರ್ಶಾಂ ಬಗ್ಗೆ ಒಂದು ವಾಟ್ಸ್ಆ್ಯಪ್ ಫಾರ್ವರ್ಡ್ ಕಳಿಸಿದರು. 2017ರಲ್ಲಿ, 105ನೇ ವಯಸ್ಸಿನಲ್ಲಿ, ಒಂದು ಗಂಟೆಯಲ್ಲಿ 22.547 ಕಿಲೊಮೀಟರ್ ಸೈಕಲ್ ತುಳಿದವರು ಅವರು. ಕೆಳಗೆ ಒಂದು ಸಾಲು ಸೇರಿಸಿದ್ದರು: 'ಎರಡೂ ಚಕ್ರ ನೆಲದ ಮೇಲೇ ಇತ್ತು, ಗಮನಿಸು.'

ಅಮ್ಮನಿಗೆ ಬಹಳ ದಿನ ಹೇಳಿರಲಿಲ್ಲ. ಮಗಳು ರಜೆಗೆ ಬಂದವಳು ಸ್ಲೋ ಮೋಷನ್ ವಿಡಿಯೊ ತೋರಿಸಿಬಿಟ್ಟಳು. ಅಮ್ಮ ಮೂರು ಸಲ ನೋಡಿದರು. ಬೈಯ್ತಾರೆ ಅಂತ ಕಾಯುತ್ತಾ ಕೂತೆ. 'ಕೆಳಗೆ ಬರುವಾಗ ಮೊಣಕಾಲು ಮಡಚಿದ್ದೀಯಲ್ಲ, ಒಳ್ಳೇದು,' ಅಂದರು. ಫಿಸಿಯೊಥೆರಪಿಯವರು ಕುರ್ಚಿಯಿಂದ ಏಳೋದು, ಕೂರೋದು ಕಲಿಸುವಾಗ ತನಗೂ ಅದನ್ನೇ ಹೇಳುತ್ತಿದ್ದರಂತೆ. ಕಾಲು ಬಿಗಿ ಹಿಡೀಬೇಡಿ, ಮುಂದೆ ನೋಡಿ, ಉಸಿರು ಬಿಡಿ. ಆಮೇಲೆ ಅವರು ಒಂದು ಮಾತು ಸೇರಿಸಿದರು: 'ಆದರೆ ನಾನು ಬದುಕಿರೋವರೆಗೂ ಇದಕ್ಕಿಂತ ಎತ್ತರ ಬೇಡ.'

ಕೋಚ್‌ಗೆ ಈಗ ಗ್ಯಾಪ್ ಜಂಪ್ ಮೇಲೆ ಕಣ್ಣು. 'ನೀವು ಟೇಬಲ್‌ಟಾಪ್‌ನಲ್ಲಿ ಹಾರೋ ದೂರ ಅದಕ್ಕಿಂತ ಜಾಸ್ತಿನೇ ಇದೆ ಮೇಡಂ, ಟೇಪ್ ಹಿಡಿದು ಅಳೆದಿದ್ದೀನಿ,' ಅನ್ನುತ್ತಾನೆ. ಲೆಕ್ಕ ಸರಿ ಇದೆ, ನಾನೂ ಅಳೆದು ನೋಡಿದ್ದೇನೆ. ಬೇಡ ಅಂದಿದ್ದೇನೆ. ಮೊದಲು ಎಲ್ಲದಕ್ಕೂ ಬೇಡ ಅನ್ನುತ್ತಿದ್ದಾಗ ಹೊಟ್ಟೆ ಹಿಂಡುತ್ತಿತ್ತು, ಈ ಸಲ ಹಾಗಾಗಲಿಲ್ಲ. ಅವನು ಎರಡು ವಾರ ಒತ್ತಾಯ ಮಾಡಿ ಸುಮ್ಮನಾದ. ಮೊನ್ನೆ ಹೋದಾಗ ನನ್ನ ಟೇಬಲ್‌ಟಾಪ್‌ನ ಇಳಿಜಾರಿಗೆ ನಾಲ್ಕು ಬುಟ್ಟಿ ಮಣ್ಣು ಹಾಕಿ, ನೀರು ಚಿಮುಕಿಸಿ, ಸಲಿಕೆಯ ಹಿಂಬದಿಯಿಂದ ತಟ್ಟಿ ತಟ್ಟಿ ಉದ್ದ ಮಾಡುತ್ತಿದ್ದ. ನಾನೂ ಒಂದು ಸಲಿಕೆ ತಗೊಂಡೆ. ಒಣಗೋಕೆ ಎರಡು ದಿನ ಬೇಕು.